ಕೆಲಸವೇ ಸಾಮು ಅಲ್ಲ

ಯೂರಿಯಾ ಚೀಲದ ತೂಕ ಈಗ 45 ಕಿಲೋ. 2018ಕ್ಕೆ ಮೊದಲು 50 ಇತ್ತು. ಚೀಲ ಚಿಕ್ಕದಾದರೆ ರೈತರು ಗದ್ದೆಗೆ ಸುರಿಯುವ ಯೂರಿಯಾ ಕೂಡ ಕಡಿಮೆಯಾದೀತು ಎಂಬ ಲೆಕ್ಕದಲ್ಲಿ ಸರ್ಕಾರ ಐದು ಕಿಲೋ ಇಳಿಸಿತು. ಆ ಲೆಕ್ಕ ಏನಾಯಿತೋ, ಹೊರುವವರ ಬೆನ್ನಿಗಂತೂ ಉಪಕಾರವಾಯಿತು. ಮೈಸೂರಿನ ಜಿಮ್‌ನಲ್ಲಿ ನಾನು 50 ಕಿಲೋ ತೂಕದ ಕಬ್ಬಿಣದ ಸರಳನ್ನು ನೆಲದಿಂದ ಸೊಂಟದವರೆಗೆ ಎತ್ತಿ ಇಳಿಸುತ್ತಿದ್ದವಳು. ಗಂಡನ ಊರಿನಲ್ಲಿ ಟೆಂಪೋದಿಂದ ಇಳಿಸಿದ 45 ಕಿಲೋ ಚೀಲವನ್ನು ಬಾಗಿಲಿನಿಂದ ಕೊಟ್ಟಿಗೆಯ ಮೂಲೆಗೆ ಒಯ್ಯಲು ನನ್ನಿಂದ ಆಗಲಿಲ್ಲ. ಸರಳಿಗೆ ಹಿಡಿಯುವ ಜಾಗವಿದೆ, ಎರಡೂ ಕಡೆ ತೂಕ ಸಮ, ಕೆಳಗೆ ಸಮತಟ್ಟಾದ ರಬ್ಬರ್ ನೆಲ. ಚೀಲಕ್ಕೆ ಹಿಡಿಕೆಯಿಲ್ಲ. ಹಿಡಿದ ಕಡೆ ಜಾರುತ್ತದೆ, ಬಿಟ್ಟ ಕಡೆ ಜೋಲುತ್ತದೆ, ತೊಡೆಗೆ ಒರಗಿಸಿಕೊಂಡರೆ ಕಾಲು ಎತ್ತಿಡಲು ಬಿಡುವುದಿಲ್ಲ. ನನ್ನ ಅತ್ತೆಗೆ ಅರವತ್ತು ದಾಟಿದೆ, ತೂಕ ನನಗಿಂತ ಹತ್ತು ಕಿಲೋ ಕಡಿಮೆ. ಅವರು ಬಂದು ಚೀಲದ ಒಂದು ಮೂಲೆಯನ್ನು ಹಿಂಡಿ ಕಿವಿ ಮಾಡಿಕೊಂಡು, ಮೊಣಕಾಲಿನಿಂದ ಒದ್ದು ತೊಡೆಗೆ ತಂದು, ಅಪ್ಪಿಕೊಂಡು ನಡೆದುಬಿಟ್ಟರು.

ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಊರಿನವರ ಬಾಯಲ್ಲಿ ಮೇಷ್ಟ್ರಮ್ಮ. ಹೆಣ್ಣುಮಕ್ಕಳಿಗೆ ಕೊಕ್ಕೊ, ಕಬಡ್ಡಿ ಹೇಳಿಕೊಡುತ್ತೇನೆ. ಹೇಳಿಕೊಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚು ಎಂದು ಗಂಡ ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಮನೆಯವರ ಜಮೀನಿದೆ: ಭತ್ತದ ಗದ್ದೆ, ಒಂದಿಷ್ಟು ಕಬ್ಬು, ನಾಲೆಯ ಮೇಲುಗಡೆ ರಾಗಿಯ ಹೊಲ. ನೋಡಿಕೊಳ್ಳುವವರು ಭಾವ ಮತ್ತು ಅತ್ತೆ. ಒಂದು ಬೇಸಿಗೆ ರಜೆಯಲ್ಲಿ ಶುರುಮಾಡಿ, ಆಮೇಲೆ ಶನಿವಾರ ಭಾನುವಾರಗಳಲ್ಲಿ, ದಸರಾ ರಜೆಯಲ್ಲಿ, ಒಂದು ಬೆಳೆಯ ಪೂರ್ತಿ ಸುತ್ತಿನಲ್ಲಿ ಅವರ ಜೊತೆ ದುಡಿಯಬೇಕು, ಗದ್ದೆಗೆ ಉಪಯೋಗಕ್ಕೆ ಬರುವಂಥ ಬಲ ಮೈಗೆ ಬರುತ್ತದೋ ನೋಡಬೇಕು ಎಂದು ಹೊರಟೆ.

"ಹೊಲದಲ್ಲಿ ನಾಲ್ಕು ದಿನ ಕೆಲಸ ಮಾಡಿದರೆ ಸಾಕು, ಜಿಮ್ ಯಾತಕ್ಕೆ" ಎನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಹೇಳುವವರಲ್ಲಿ ಬಹುಪಾಲು ಜನ ಹೊಲ ಬಿಟ್ಟು ಬಂದವರು ಎಂಬುದನ್ನು ಗಮನಿಸಿದ್ದೇನೆ. ಊರಿನಲ್ಲಿ ಐವತ್ತು ದಾಟಿದ ಕೂಲಿಯವರ ಬೆನ್ನು, ಮಂಡಿ, ಬಲಗೈ ಭುಜ ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಕೆಲಸ ಮೈಯನ್ನು ಕಟ್ಟುತ್ತದೆ, ತಿನ್ನುತ್ತದೆ ಕೂಡ. ಯಾವಾಗ ಯಾವುದು ಎಂಬುದೇ ನನ್ನ ಒಂದು ವರ್ಷದ ವಿಚಾರ.

ಮೊದಲ ಪಾಠ ಗುದ್ದಲಿ. ಹೊಲದ ಅಂಚಿಗೆ ತೆಂಗಿನ ಸಸಿ ಇಡಲು ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿಗಳು ಬೇಕಿದ್ದವು. ಕೇಳಲು ಸಣ್ಣದು. ಲೆಕ್ಕ ಹಾಕಿದರೆ ಒಂದು ಗುಂಡಿಗೆ 27 ಘನ ಅಡಿ, ಮಣ್ಣಿನ ತೂಕ ಒಂದು ಟನ್ನಿಗಿಂತ ಹೆಚ್ಚು. ಬೇಸಿಗೆಯ ಕೆಮ್ಮಣ್ಣು ಗುದ್ದಲಿಗೆ ಬಗ್ಗುವುದಿಲ್ಲ. ಮೊದಲು ಹಾರೆಯಿಂದ ಎಬ್ಬಿಸಿ, ಆಮೇಲೆ ಗುದ್ದಲಿಯಿಂದ ಎಳೆದು, ಬಾಂಡಲಿಗೆ ತುಂಬಿ ಮೇಲಕ್ಕೆ ಹಾಕಬೇಕು. ಗುದ್ದಲಿಯನ್ನು ತೋಳಿನಿಂದ ಬಲವಾಗಿ ಇಳಿಸುತ್ತಿದ್ದ ನನ್ನನ್ನು ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಎತ್ತುವುದು ನಿನ್ನ ಕೆಲಸ, ಬೀಳುವುದು ಅದರ ಕೆಲಸ ಕಣವ್ವ. ಅದರ ಕೆಲಸವನ್ನೂ ನೀನೇ ಮಾಡಿದರೆ ಮಧ್ಯಾಹ್ನಕ್ಕೆ ಮಲಗುತ್ತೀಯ" ಎಂದರು. ಎಲೆ ನೆಲಕ್ಕೆ ಕಚ್ಚಿದ ಮೇಲೆ ತೋಳಿನಿಂದ ಎಳೆಯದೆ, ಮೈಯನ್ನೇ ಹಿಂದಕ್ಕೆ ಕೂರಿಸಬೇಕು. ಮಣ್ಣನ್ನು ಎಳೆಯುವುದು ಸೊಂಟ. ಕೈಗಳು ಬರೀ ಕೊಂಡಿ. ಇದನ್ನೇ ನಾನು ಶಾಲೆಯಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಗುದ್ದಲಿ ಹಿಡಿದಾಗ ಆ ಚಿತ್ರ ಕೈಗೆ ಇಳಿಯಲು ವಾರಗಳೇ ಹಿಡಿದವು.

ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು, ಗಟ್ಟಿಯಾಯಿತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಆಗುವುದೇ.

ಹೇಳಬೇಕಾದದ್ದು ಎಡಗೈ ಬಲಗೈ ವಿಚಾರ. ಗುದ್ದಲಿ ಹಿಡಿಯುವವರು ಜೀವನವಿಡೀ ಒಂದೇ ಕೈಯನ್ನು ಮುಂದಿಡುತ್ತಾರೆ, ಒಂದೇ ಕಡೆಗೆ ಮಣ್ಣು ಹಾಕುತ್ತಾರೆ. ನಾನು ಆಗಾಗ ಕೈ ಬದಲಿಸುತ್ತಿದ್ದೆ. ಎಡಗೈ ಮುಂದಿದ್ದಾಗ ಏಟು ಎಲ್ಲೆಲ್ಲೋ ಬೀಳುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. ಪಕ್ಕದ ಗುಂಡಿಯಲ್ಲಿದ್ದ ಆಳು ನಕ್ಕ. ಅವನ ನಗುವಿನಲ್ಲಿ ನ್ಯಾಯವಿದೆ. ಅವನಿಗೆ ಗುಂಡಿಗೆ ಇಷ್ಟು ಎಂದು ದುಡ್ಡು, ಎರಡೂ ಭುಜ ಸಮನಾಗಿರಲಿ ಎಂದು ಯಾರೂ ದುಡ್ಡು ಕೊಡುವುದಿಲ್ಲ. ಕೆಲಸಕ್ಕೆ ಬೇಕಾದದ್ದು ಗುಂಡಿ, ಸಾಮಿಗೆ, ಅಂದರೆ ಮೈ ಕಟ್ಟುವ ಕಸರತ್ತಿಗೆ, ಬೇಕಾದದ್ದು ಮೈ. ಎರಡನ್ನೂ ಒಂದೇ ಗುದ್ದಲಿಯಿಂದ ಮಾಡಬಹುದು, ಆದರೆ ಒಂದೇ ಹೊತ್ತಿನಲ್ಲಿ ಮಾಡುವುದು ಕಷ್ಟ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಭಾವ. ವಯಸ್ಸಿನಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿ, ಸುತ್ತಿನ ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು. ದಸರಾ ಕುಸ್ತಿಗೆ ಮೈಸೂರಿನ ದೊಡ್ಡಕೆರೆ ಮೈದಾನದ ಕಡೆ ಹೋಗಿ ಬಂದ ಕಥೆಯನ್ನು ಈಗಲೂ ಹೇಳುತ್ತಾರೆ, ಪ್ರತಿ ಸಲವೂ ಎದುರಾಳಿ ಸ್ವಲ್ಪ ದಪ್ಪವಾಗುತ್ತಾನೆ. ಗರಡಿಯಲ್ಲೂ ಮೊದಲ ಕೆಲಸ ಗುದ್ದಲಿಯೇ ಎಂದು ನನಗೆ ತಿಳಿದದ್ದು ಅವರಿಂದ. ಮಟ್ಟಿಯ, ಅಂದರೆ ಕುಸ್ತಿ ಆಡುವ ಅಂಕಣದ, ಕೆಂಪು ಮಣ್ಣು ತುಳಿದು ತುಳಿದು ಗಟ್ಟಿಯಾಗುತ್ತದೆ. ಕುಸ್ತಿಗೆ ಮೊದಲು ಅದನ್ನು ಅಗೆದು ಸಡಿಲ ಮಾಡಬೇಕು, ಹುಡುಗರಿಗೆ ಅದೇ ಮೈ ಬಿಸಿ ಮಾಡುವ ವ್ಯಾಯಾಮ. ಆದರೆ ಅಲ್ಲಿ ಸರದಿಯಿದೆ. ಒಬ್ಬ ಅಗೆಯುತ್ತಾನೆ, ಉಸಿರು ಏರಿದೊಡನೆ ಗುದ್ದಲಿ ಇನ್ನೊಬ್ಬನ ಕೈಗೆ. ಆಮೇಲೆ ದಂಡ, ಬಸ್ಕಿ, ಗದೆ, ಕಲ್ಲು ಗುಂಡು. ಮುಗಿದ ಮೇಲೆ ಎಣ್ಣೆ ತಿಕ್ಕುವುದು, ಹಾಲು, ನಿದ್ದೆ. ನಿದ್ದೆ ಬಿಟ್ಟವನನ್ನು ಕುಸ್ತಿ ಕಲಿಸುವ ಉಸ್ತಾದರು ಮಟ್ಟಿಗೆ ಇಳಿಸುತ್ತಿರಲಿಲ್ಲವಂತೆ. ಗದ್ದೆಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಬದು ಮುಗಿಯುವವರೆಗೂ ಅಗೆಯಬೇಕು, ಮೈ ಒಪ್ಪಿದರೂ ಒಪ್ಪದಿದ್ದರೂ.

ನನ್ನನ್ನು ಗರಡಿಯೊಳಗೆ ಬಿಡುವ ಮಾತೇ ಇರಲಿಲ್ಲ. ಹೆಂಗಸರು ಮಟ್ಟಿ ತುಳಿಯಬಾರದು ಎನ್ನುವುದು ಊರಿನ ಗರಡಿಯ ಕಟ್ಟುಪಾಡು. ಅದರ ಬಗ್ಗೆ ನನ್ನ ಅಭಿಪ್ರಾಯ ಭಾವನಿಗೆ ಗೊತ್ತು, ಅವರ ಮುಜುಗರ ನನಗೆ ಗೊತ್ತು. "ಹಿತ್ತಲಿಗೆ ಯಾವ ಕಟ್ಟುಪಾಡೂ ಇಲ್ಲ, ಅಲ್ಲಿ ಹೇಳಿಕೊಡುತ್ತೇನೆ ಬಾ" ಎಂದರು. ಹಿತ್ತಲಿನ ಹಲಸಿನ ಮರದ ಕೆಳಗೆ ನನ್ನ ಗರಡಿ ಶುರುವಾಯಿತು.

ಅಲ್ಲಿನ ಮುಖ್ಯ ಸಾಮಗ್ರಿ ಖಾಲಿ ಯೂರಿಯಾ ಚೀಲದಲ್ಲಿ ತುಂಬಿದ ಮರಳು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಯೂರಿಯಾ ಹಗುರ, ಮರಳು ಅದರ ಎರಡು ಪಟ್ಟು ಭಾರ. ಅದೇ ಚೀಲವನ್ನು ಬಾಯಿವರೆಗೆ ಮರಳಿನಿಂದ ತುಂಬಿದರೆ 90 ಕಿಲೋ ಮುಟ್ಟುತ್ತದೆ. ನಾನು 20 ಕಿಲೋದಿಂದ ಶುರುಮಾಡಿದೆ. ಚೀಲದೊಳಗೆ ಇನ್ನೊಂದು ಚೀಲ ಹಾಕಿ, ಬಾಯಿ ಬಿಗಿದು, ಮೇಲೆ ಒಂದಿಷ್ಟು ಸಡಿಲ ಜಾಗ ಬಿಡಬೇಕು. ಆ ಸಡಿಲವೇ ಮರಳಿನ ಚೀಲದ ಗುಣ. ಎತ್ತುವಾಗ ಮರಳು ಒಂದು ಕಡೆಗೆ ಸರಿದು ನಮ್ಮನ್ನು ಆ ಕಡೆಗೆ ಎಳೆಯುತ್ತದೆ, ಜಿಮ್‌ನ ಸರಳಿಗೆ ಗೊತ್ತೇ ಇರದ ಪಕ್ಕೆಯ ಸ್ನಾಯುಗಳೆಲ್ಲ ಎದ್ದು ನಿಲ್ಲುತ್ತವೆ. ಭಾವ ಹೇಳಿಕೊಟ್ಟ ಕ್ರಮ ಇದು. ಚೀಲವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂರುವುದು. ಅಡಿಗೆ ಕೈ ತೂರಿಸಿ ಅಪ್ಪಿ ತೊಡೆಯ ಮೇಲೆ ತಂದು ಒಂದು ಕ್ಷಣ ನಿಲ್ಲುವುದು. ಉಸಿರು ಬಿಡುತ್ತ ಎದ್ದು ನಿಲ್ಲುವುದು. ಆಮೇಲೆ ಸೊಂಟದ ಒಂದು ತಳ್ಳಿನಿಂದ ಹೆಗಲಿಗೆ. ತೊಡೆಯ ಮೇಲೆ ನಿಲ್ಲುವ ಆ ಒಂದು ಕ್ಷಣದಲ್ಲಿ ಎಲ್ಲವೂ ಇದೆ. ನೆಲದಿಂದ ಹೆಗಲಿಗೆ ಒಂದೇ ಎಳೆತದಲ್ಲಿ ತರುವವರು ಬೆನ್ನಿನಿಂದ ಎಳೆಯುತ್ತಾರೆ. ಅತ್ತೆ ಕೊಟ್ಟಿಗೆಯಲ್ಲಿ ಮಾಡಿದ್ದೂ ಇದನ್ನೇ, ಯಾವ ಉಸ್ತಾದರೂ ಇಲ್ಲದೆ.

ಹದಿನೈದು ದಿನಕ್ಕೊಮ್ಮೆ ಎರಡು ಕಿಲೋ ಮರಳು ಸೇರಿಸುವುದು, ಅದಕ್ಕಿಂತ ಅವಸರ ಬೇಡ ಎಂಬುದು ನಾನು ಸೇರಿಸಿದ ನಿಯಮ. ಮೊದಲ ವಾರಗಳಲ್ಲಿ ಬಲ ಸರಸರನೆ ಏರುತ್ತದೆ, ಎಲ್ಲರೂ ಬೀಗುವುದು ಆಗಲೇ. ಆಗ ಸ್ನಾಯು ಬೆಳೆದಿರುವುದಿಲ್ಲ, ಇದ್ದ ಸ್ನಾಯುವನ್ನು ಬಳಸುವುದನ್ನು ನರಗಳು ಕಲಿತಿರುತ್ತವೆ ಅಷ್ಟೆ. ಸ್ನಾಯು ಬೆಳೆಯಲು ತಿಂಗಳುಗಳು ಬೇಕು, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗಲು ಇನ್ನೂ ಹೆಚ್ಚು. ಬೀಗಿದ ಹೊತ್ತಿನಲ್ಲಿ ತೂಕ ಏರಿಸಿಕೊಂಡವರು ಮೊಣಕೈ ಹಿಡಿದುಕೊಂಡು ನನ್ನ ಹತ್ತಿರ ಬಂದದ್ದನ್ನು ಶಾಲೆಯಲ್ಲಿ ಸಾಕಷ್ಟು ನೋಡಿದ್ದೇನೆ.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೂಕ ಏರಿಸುವುದು ಜಿಮ್‌ನವರು ಕಂಡುಹಿಡಿದದ್ದಲ್ಲ. ಐಸ್‌ಲ್ಯಾಂಡಿನ ಡ್ಯೂಪಲೋನ್‌ಸಾಂಡುರ್ ಕಡಲತೀರದಲ್ಲಿ 23, 54, 100, 154 ಕಿಲೋಗಳ ನಾಲ್ಕು ಕಲ್ಲುಗುಂಡುಗಳಿವೆ. ಮೀನು ಹಿಡಿಯುವ ದೋಣಿಗೆ ಯಾರು ಲಾಯಕ್ಕು ಎಂದು ಹಿಂದೆ ಇವುಗಳಿಂದಲೇ ತೀರ್ಮಾನವಾಗುತ್ತಿತ್ತು. ಅತಿ ಚಿಕ್ಕ ಕಲ್ಲನ್ನು ಮಾತ್ರ ಎತ್ತಬಲ್ಲವನಿಗೆ ಅವರು ಇಟ್ಟ ಹೆಸರಿನ ಅರ್ಥ ಹೆಚ್ಚುಕಡಿಮೆ ‘ನಿಷ್ಪ್ರಯೋಜಕ’. ಆ ಬೇಸಿಗೆಯಲ್ಲಿ ನನ್ನ ಚೀಲದ ತೂಕ ಅದಕ್ಕೆ ಬಹಳ ಹತ್ತಿರದಲ್ಲಿತ್ತು. ಭಾವನಿಗೆ ಹೇಳಿದೆ, ಮನೆಯಲ್ಲಿ ಒಂದು ವಾರ ನನಗೆ ಅದೇ ಹೆಸರು.

ಬೆಳಿಗ್ಗೆ ಎದ್ದೊಡನೆ ಚೀಲ ಮುಟ್ಟುತ್ತಿರಲಿಲ್ಲ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಾವೆಲ್ಲರೂ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುವುದು ಅದಕ್ಕೇ. ಆಗ ಬಗ್ಗಿ ಭಾರ ಎತ್ತಿದರೆ ಆ ಬಿಲ್ಲೆಗಳ ಮೇಲೆ ಒತ್ತಡ ಹೆಚ್ಚು. ಮೊದಲ ಒಂದು ಗಂಟೆ ಕಸ ಗುಡಿಸುವುದು, ದನಕ್ಕೆ ಮೇವು ಹಾಕುವುದು, ನಾಲೆಯವರೆಗೆ ನಡೆಯುವುದು. ಅತ್ತೆಯ ಬೆಳಗಿನ ಕ್ರಮವೂ ಹಾಗೆಯೇ ಇತ್ತು, ಯಾರೂ ಅವರಿಗೆ ಬಿಲ್ಲೆಯ ಕಥೆ ಹೇಳಿರಲಿಲ್ಲ.

ಊಟದ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಸ್ವಲ್ಪ ಕಡಿಮೆ. ಭಾವ ಸಾಮು ಮಾಡುತ್ತಿದ್ದ ಕಾಲದಲ್ಲಿ ಮನೆಯ ಎಮ್ಮೆ ಹಾಲಿನಲ್ಲಿ ಒಂದು ಪಾಲು ಅವರಿಗೆಂದೇ ಮೀಸಲು, ವಾರಕ್ಕೊಮ್ಮೆ ಮಾಂಸ, ನೆನೆಹಾಕಿದ ಬಾದಾಮಿ. ಗರಡಿಗೆ ಹೋಗುವ ಹುಡುಗನಿಗೆ ಮೈ ತುಂಬಿಕೊಳ್ಳಬೇಕು ಎಂದು ಇಡೀ ಮನೆ ಒಪ್ಪಿತ್ತು. ಅದೇ ಮನೆಯಲ್ಲಿ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿ ಬಗ್ಗಿ, ಬಂದು ಅಡುಗೆ ಮಾಡಿ, ಎಲ್ಲರ ಊಟವಾದ ಮೇಲೆ ತಳದ ಸಾರಿನಲ್ಲಿ ಮುದ್ದೆ ಅದ್ದಿಕೊಳ್ಳುತ್ತಿದ್ದರು. ಭಾವನದು ಸಾಮು, ಇವರದು ಬರೀ ಕೆಲಸ. ಕರ್ನಾಟಕದ ಹೆಂಗಸರಲ್ಲಿ ಅರ್ಧದ ಹತ್ತಿರ ಜನಕ್ಕೆ ರಕ್ತಹೀನತೆಯಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಮ್ಲಜನಕ ಹೊರುವ ರಕ್ತವೇ ಕಡಿಮೆಯಿದ್ದ ಮೈ ಎಷ್ಟು ದುಡಿದರೂ ಸವೆಯುತ್ತದೆಯೇ ಹೊರತು ಕಟ್ಟಿಕೊಳ್ಳುವುದಿಲ್ಲ. ನಾನು ಮನೆಯಲ್ಲಿ ಹಾಕಿದ ಒಂದೇ ಒಂದು ಷರತ್ತು, ಸಾಮು ಮಾಡುವ ದಿನಗಳಲ್ಲಿ ನಾನೂ ಅತ್ತೆಯೂ ಮೊದಲ ಪಂಕ್ತಿಯಲ್ಲಿ ಕೂರುತ್ತೇವೆ ಎಂಬುದು. ತಟ್ಟೆಯಲ್ಲಿ ಹೊಸದೇನಿಲ್ಲ. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪು, ಮೊಟ್ಟೆ, ಮಜ್ಜಿಗೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಪ್ರೋಟೀನು ಮಾತ್ರ ನೂರು ಗ್ರಾಂಗೆ ಏಳರ ಆಸುಪಾಸು. ಹುರುಳಿಯಲ್ಲಿ ಅದು ಇಪ್ಪತ್ತು ದಾಟುತ್ತದೆ. ಮುದ್ದೆ ಚಿಕ್ಕದಾಯಿತು, ಕಾಳು ಹೆಚ್ಚಾಯಿತು. ಅತ್ತೆಗೆ ಮೊದಮೊದಲು ಮೊದಲ ಪಂಕ್ತಿ ಸಂಕೋಚ. ಆಮೇಲೆ ತಡವಾದರೆ ಅವರೇ ಕೂಗತೊಡಗಿದರು.

ಮಳೆಗಾಲಕ್ಕೆ ಮೊದಲು ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಬೇಕು. ಟ್ರ್ಯಾಕ್ಟರ್ ಹೋಗುವ ಕಡೆ ಅದೇ ಹೋಯಿತು. ಹೋಗದ ಏರು ತುಂಡಿಗೆ ಗೊಬ್ಬರ ಹೊರುವ ಬುಟ್ಟಿ, ಮಂಕರಿಯೇ ಗತಿ. ತಲೆಯ ಮೇಲೆ ಹೊರುವುದನ್ನು ಕಲಿಯುವಾಗ ನನಗೆ ಆಶ್ಚರ್ಯವಾದದ್ದು ಅದು ಎಷ್ಟು ಸಲೀಸು ಎಂಬುದು. ಹೆಗಲಿಗೆ 25 ಕಿಲೋ ಹೊತ್ತರೆ ಒಂದು ಪಕ್ಕ ವಾಲುತ್ತೇನೆ. ಅದೇ ಭಾರ ತಲೆಯ ಮೇಲೆ ಬಟ್ಟೆ ಸುತ್ತಿಟ್ಟ ಸಿಂಬೆಯ ಮೇಲೆ ಕೂತರೆ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರುತ್ತದೆ. ಕಣ್ಣು ಕಾಲಿನ ಹತ್ತಿರ ಇರಬಾರದು, ಹತ್ತು ಹೆಜ್ಜೆ ಮುಂದಿರಬೇಕು. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಸಡಿಲ. ಕಷ್ಟವಿರುವುದು ತಲೆಗೇರಿಸುವುದರಲ್ಲಿ ಮತ್ತು ಇಳಿಸುವುದರಲ್ಲಿ. ಅದಕ್ಕೇ ಇನ್ನೊಬ್ಬರು ಬೇಕು. ಹಳೆಯ ದಾರಿಗಳ ಪಕ್ಕದಲ್ಲಿ ಎದೆಯ ಎತ್ತರಕ್ಕೆ ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಅಡ್ಡ ಹಾಕಿರುವ ಹೊರೆಗಲ್ಲುಗಳನ್ನು ನೋಡಿರುತ್ತೀರಿ. ಒಂಟಿಯಾಗಿ ಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಇಳಿಸಿ ಸುಧಾರಿಸಿಕೊಂಡು ಮತ್ತೆ ಏರಿಸಿಕೊಳ್ಳಲೆಂದು ಮಾಡಿದ್ದು. ಹೊರುವವರ ಮೈಯ ಕಷ್ಟ ಅರಿತವರು ಹಾಕಿಸಿದ ಕಲ್ಲುಗಳವು. ನಮ್ಮ ರಸ್ತೆ ಅಗಲ ಮಾಡುವವರು ಮೊದಲು ಕೀಳುವುದೂ ಅವನ್ನೇ.

ಉಸಿರು ಬಿಗಿಹಿಡಿದು ಮಂಕರಿ ಎತ್ತುತ್ತಿದ್ದಾಗ ನಾಟಿ ಗುಂಪಿನ ಹಿರಿಯಕ್ಕ ಗದರಿದರು. "ಉಸಿರು ಕಟ್ಟಬೇಡ. ಕಟ್ಟಿ ಕಟ್ಟಿಯೇ ನಮ್ಮ ಗರ್ಭಕೋಶ ಜಾರಿದ್ದು." ಇದು ಹೆಂಗಸರು ತಮ್ಮೊಳಗೆ ಮಾತ್ರ ಆಡಿಕೊಳ್ಳುವ ಮಾತು. ಹೆರಿಗೆಯಾಗಿ ತಿಂಗಳು ತುಂಬುವುದರೊಳಗೆ ಹೊರೆ ಹೊತ್ತವರು, ಮೂರು ಮಕ್ಕಳಾದ ಮೇಲೂ ಮೂಟೆಗೆ ಕೈ ಕೊಟ್ಟವರು ಈ ಊರಿನಲ್ಲಿ ಹಲವರಿದ್ದಾರೆ. ಕೆಳಹೊಟ್ಟೆಯ ತಳವನ್ನು ಹಿಡಿದಿರುವ ಸ್ನಾಯುಗಳು ಒಮ್ಮೆ ಸೋತರೆ ಸೀನಿದರೂ ನಕ್ಕರೂ ಕಷ್ಟ. ಆ ದಿನದಿಂದ ಎತ್ತುವಾಗ ಬಾಯಿಂದ ‘ಹುಂ’ ಎಂದು ಉಸಿರು ಬಿಟ್ಟೇ ಎತ್ತುವುದು, ಅದಕ್ಕೂ ಮೊದಲು ತಳದ ಸ್ನಾಯುಗಳನ್ನು ಮೇಲಕ್ಕೆ ಸೆಳೆದುಕೊಳ್ಳುವುದು ರೂಢಿಯಾಯಿತು. ಶಾಲೆಯಲ್ಲಿ ಹುಡುಗಿಯರಿಗೂ ಇದನ್ನು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಾಲೆಗೆ ನೀರು ಬಿಟ್ಟ ಮೇಲೆ ನಾಟಿ. ಇಡೀ ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ, 40 ಕಿಲೋ ಚೀಲವನ್ನೂ ಮೂಟೆಯನ್ನೂ ಬದಿಗಿಟ್ಟು ನಾಟಿಯನ್ನೇ ಹೇಳುತ್ತೇನೆ. ಕೈಯಲ್ಲಿರುವ ಪೈರಿನ ಕಟ್ಟಿಗೆ ಭಾರವೇ ಇಲ್ಲ. ಭಾರವಿರುವುದು ನಮ್ಮ ಮುಂಡಕ್ಕೆ. ಅದನ್ನು ನೆಲಕ್ಕೆ ಸಮನಾಗಿ ಗಂಟೆಗಟ್ಟಲೆ ಬಗ್ಗಿಸಿ ಹಿಡಿದುಕೊಂಡು, ಕೆಸರಿನಿಂದ ಕಾಲು ಕಿತ್ತು ಕಿತ್ತು ಹಿಂದಕ್ಕೆ ಇಡುತ್ತ, ಎರಡು ಮೂರು ಪೈರನ್ನು ಬೆರಳ ತುದಿಯಲ್ಲಿ ಬೇರ್ಪಡಿಸಿ ಮೇಲುಮೇಲೆ ಊರಬೇಕು. ಆಳ ಊರಿದರೆ ತೆಂಡೆ, ಅಂದರೆ ಬುಡದ ಹೊಸ ಕವಲು, ಒಡೆಯುವುದಿಲ್ಲ. ಬೆನ್ನು ಕಮಾನು ಮಾಡಿ ಬಗ್ಗಿದ್ದ ನಾನು ಒಂದು ಪಾತಿ ಮುಗಿಸುವುದರಲ್ಲಿ ಸೋತೆ. ಸಾಲಿನಲ್ಲಿದ್ದವರನ್ನು ಪಕ್ಕದಿಂದ ನೋಡಿದೆ. ಎಲ್ಲರ ಬೆನ್ನೂ ಹಲಗೆಯಷ್ಟು ನೆಟ್ಟಗೆ, ಮಡಿಕೆ ಬಿದ್ದಿರುವುದು ತೊಡೆಯ ಬುಡದಲ್ಲಿ. ಎಡ ಮೊಣಕೈ ಎಡ ಮಂಡಿಯ ಮೇಲೆ ಒರಗಿ ಅರ್ಧ ಭಾರ ಇಳಿಸಿಕೊಂಡಿದೆ. ಮಾತು, ನಗು, ಯಾರದೋ ಮನೆಯ ಸೊಸೆಯ ವಿಚಾರ ಒಂದೇ ಸಮನೆ ನಡೆದಿದೆ, ಉಸಿರು ಏರಿಲ್ಲ. ನಾನು ಉಸಿರಾಡಲು ಮಾತು ನಿಲ್ಲಿಸಿದ್ದೆ.

ಮಧ್ಯಾಹ್ನ ಬದುವಿನ ಮೇಲೆ ಊಟಕ್ಕೆ ಕೂತಾಗ ಹಿರಿಯಕ್ಕನನ್ನು ಕೇಳಿದೆ, ಹಿತ್ತಲಿಗೆ ಬಂದು ನನ್ನ ಮರಳು ಚೀಲ ಎತ್ತುತ್ತೀರಾ ಎಂದು. ಅವರು ಎತ್ತಲಿಲ್ಲ. "ಇವತ್ತು ಎತ್ತಿದರೆ ನಾಳೆ ನಾಟಿಗೆ ಯಾರು ಬರುತ್ತಾರೆ?" ಎಂದರು. ತರಬೇತಿಯ ಪುಸ್ತಕಗಳಲ್ಲಿ ವಿಶ್ರಾಂತಿಯ ಬಗ್ಗೆ ಬರೆದ ಅಧ್ಯಾಯಗಳೆಲ್ಲ ಆ ಮಾತಿನ ಮುಂದೆ ಸುಮ್ಮನಾದವು. ದಿನವಿಡೀ ದುಡಿದವರ ಮೈಯಲ್ಲಿ ಬಲ ಕಟ್ಟಿಕೊಳ್ಳಲು ಉಳಿಕೆಯೇ ಇರುವುದಿಲ್ಲ. ನನಗೆ ಸೋಮವಾರದಿಂದ ಶುಕ್ರವಾರದವರೆಗೆ ಶಾಲೆಯ ಫ್ಯಾನಿನ ಕೆಳಗೆ ವಿಶ್ರಾಂತಿಯಿತ್ತು, ಸಂಬಳವೂ ಇತ್ತು. ಹಳ್ಳಿಯ ಕೆಲಸ ನನ್ನನ್ನು ಗಟ್ಟಿ ಮಾಡಿತು ಎಂದು ಹೇಳಿಕೊಳ್ಳುವಾಗ ಈ ಐದು ದಿನಗಳನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಅದು ಕಳ್ಳ ಲೆಕ್ಕ.

ದಸರಾ ರಜೆಗೆ ಕಬ್ಬು. ನಮ್ಮದು ಕೋ 62175, ಮಂಡ್ಯದ ಕಡೆ ಹಳೆಯ ಪರಿಚಯದ ತಳಿ, ಎತ್ತರ ಬೆಳೆದು ಗಾಳಿಗೆ ಒರಗುತ್ತದೆ. ತರಗು ಮೈಕೈ ಸೀಳುವುದರಿಂದ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಬರುತ್ತಾರೆ. ಮಚ್ಚಿನಲ್ಲಿ ಬುಡಕ್ಕೆ, ಮಣ್ಣಿಗೆ ತಾಗಿಸಿ ಕಡಿಯಬೇಕು. ಸಕ್ಕರೆ ಹೆಚ್ಚಿರುವುದು ಬುಡದ ಗೆಣ್ಣುಗಳಲ್ಲಿ, ಕಡಿದ ಬುಡದಿಂದಲೇ ಮತ್ತೆ ಬರುವ ಕೂಳೆ ಬೆಳೆ ಚೆನ್ನಾಗಿ ಚಿಗುರುವುದೂ ಹಾಗೆ ಕಡಿದಾಗಲೇ. ಅಂದರೆ ಪ್ರತಿ ಏಟಿಗೂ ಒಂದು ಬಸ್ಕಿ. ಭಾವ ಹಿತ್ತಲಿನಲ್ಲಿ ಹೊಡೆಸಿದ ಬಸ್ಕಿಗಳ ಉಪಯೋಗ ಎಲ್ಲಿ ಎಂದು ಅಲ್ಲಿಯವರೆಗೂ ನನಗೆ ಅನುಮಾನವಿತ್ತು. ಕಬ್ಬಿನ ಸಾಲಿನಲ್ಲಿ ಅನುಮಾನ ಹೋಯಿತು. ಕಡಿದ ಮೇಲೆ ಸೋಗೆ ಕತ್ತರಿಸಿ ದನಕ್ಕೆ, ಜಲ್ಲೆಗಳನ್ನು ಕಟ್ಟು ಕಟ್ಟಿ ಲಾರಿಗೆ.

ಲಾರಿಗೆ ತುಂಬುವುದು ಗಂಡಾಳಿನ ಕೆಲಸ ಎಂದು ಮೊದಲಿನಿಂದಲೂ ನಡೆದು ಬಂದಿದೆ. ಲಾರಿಯ ಹಿಂದಕ್ಕೆ ಉದ್ದನೆಯ ಹಲಗೆ ಒರಗಿಸಿ, ಹೊರೆ ಹೊತ್ತು ಅದರ ಮೇಲೆ ಹತ್ತಬೇಕು. ಹಲಗೆ ನಡುವೆ ಬಾಗಿ ಪುಟಿಯುತ್ತದೆ. ಅದರ ಪುಟಿತಕ್ಕೆ ಎದುರಾಗಿ ಹೆಜ್ಜೆ ಇಟ್ಟರೆ ಮಂಡಿ ಹೋಯಿತು, ಜೊತೆಯಾಗಿ ಇಟ್ಟರೆ ಹಲಗೆಯೇ ಮೇಲಕ್ಕೆ ತಳ್ಳುತ್ತದೆ. ಭಾವ ಮೊದಲು ನನ್ನನ್ನು ಬರಿಗೈಯಲ್ಲಿ ಹತ್ತಿಸಿ ಇಳಿಸಿದರು, ಆಮೇಲೆ ನಾಲ್ಕು ಜಲ್ಲೆ, ಆಮೇಲೆ ಅರ್ಧ ಹೊರೆ. ರಜೆ ಮುಗಿಯುವ ಹೊತ್ತಿಗೆ ಉಳಿದವರು ಹೊರುವ ಹೊರೆಯನ್ನೇ ಹೊತ್ತು ಹತ್ತುತ್ತಿದ್ದೆ. ಅವರ ವೇಗಕ್ಕೆ ಸಮ ಬರಲಿಲ್ಲ, ಹೊರೆಗೆ ಬಂದೆ.

ಈಗ ಜಿಮ್‌ಗೆ ಹೋದರೆ ಕಬ್ಬಿಣದ ಸರಳಿನ ಲೆಕ್ಕದಲ್ಲಿ ನಾನು ಬಹಳ ಏನೂ ಮುಂದೆ ಹೋಗಿಲ್ಲ. ಬದಲಾಗಿರುವುದು ಬೇರೆ. ಹಿಡಿತ ಬದಲಾಗಿದೆ. ನೀರು ತುಂಬಿದ ಎರಡು ಬಿಂದಿಗೆಗಳನ್ನು ಎರಡು ಕೈಯಲ್ಲಿ ತೂಗುಹಾಕಿಕೊಂಡು ಬೀದಿಯ ನಲ್ಲಿಯಿಂದ ಹಿತ್ತಲಿನವರೆಗೆ ನಿಲ್ಲದೆ ಬರುತ್ತೇನೆ. ಅಡ್ಡಾದಿಡ್ಡಿ ಆಕಾರದ ಯಾವುದನ್ನು ನೋಡಿದರೂ ಎಲ್ಲಿ ಕೈ ಹಾಕಬೇಕು, ಭಾರ ಯಾವ ಕಡೆಗಿದೆ ಎಂದು ಕಣ್ಣು ಮೊದಲೇ ಅಳೆಯುತ್ತದೆ. ಒಂದು ಸಂಜೆ ಕಣದ ಮೂಲೆಯಲ್ಲಿ ಬಿದ್ದಿದ್ದ ರೋಣಗಲ್ಲಿಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು ಉರುಳಿಸಿದೆ. ಒಕ್ಕಣೆಯ ಯಂತ್ರ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಎತ್ತುಗಳು ಎಳೆಯುತ್ತಿದ್ದ ಕಲ್ಲು. ಮೊದಲ ಅಲುಗು ಬರುವವರೆಗೆ ಮಾತ್ರ ಕಷ್ಟ, ಹೊರಟ ಮೇಲೆ ಅದು ತಾನೇ ಬರುತ್ತದೆ. ಮನೆಯ ಮಕ್ಕಳಿಗೆ ಈಗ ಅದು ಪಂದ್ಯ.

ಶಾಲೆಯಲ್ಲೂ ಮರಳು ಚೀಲಗಳು ಬಂದಿವೆ, 5 ಕಿಲೋದಿಂದ 15ರವರೆಗೆ. ಕಬಡ್ಡಿ ಹುಡುಗಿಯರು ಅವನ್ನು ಅಪ್ಪಿಕೊಂಡು ಮೈದಾನದ ಉದ್ದಕ್ಕೆ ನಡೆಯುತ್ತಾರೆ. ಹಿಡಿದ ರೈಡರನ್ನು ಬಿಡದೆ ಇರಲು ಇದಕ್ಕಿಂತ ಒಳ್ಳೆಯ ಸಾಮು ನನಗೆ ಗೊತ್ತಿಲ್ಲ. ಮನೆಯಲ್ಲಿ ನೀರು, ಸೌದೆ ಹೊತ್ತು ಬರುವ ಹುಡುಗಿಯರಿಗೆ ಮಾತ್ರ ಚೀಲ ಕೊಡುವುದಿಲ್ಲ. ಅವರಿಗೆ ಆ ಹೊತ್ತು ಕೂತು ಕಡಲೆಕಾಳು ತಿನ್ನುವ ಪಾಠ. ಮಿಕ್ಕವರು ಇದು ಪಕ್ಷಪಾತ ಎನ್ನುತ್ತಾರೆ.

ಊರಿನಲ್ಲಿ ಒಂದು ವ್ಯಾಜ್ಯ ಬಾಕಿಯಿದೆ. ನಮ್ಮಲ್ಲಿ ಇನ್ನೂ ಅಲ್ಪಸ್ವಲ್ಪ ಮುಯ್ಯಾಳು ಉಳಿದಿದೆ. ಅವರ ಗದ್ದೆಗೆ ನಮ್ಮವರು ಒಂದು ದಿನ, ನಮ್ಮ ಗದ್ದೆಗೆ ಅವರವರು ಒಂದು ದಿನ. ಗಂಡಾಳಿಗೆ ಗಂಡಾಳು, ಹೆಣ್ಣಾಳಿಗೆ ಹೆಣ್ಣಾಳು. ದುಡ್ಡಿನ ಕೂಲಿಯಾದರೆ ಇಬ್ಬರ ದರವೂ ಬೇರೆ, ಸಮಾನ ಕೆಲಸಕ್ಕೆ ಸಮಾನ ಕೂಲಿ ಎನ್ನುವ ಕಾಯ್ದೆ 1976ರಲ್ಲೇ ಬಂದಿದ್ದರೂ. ಪಕ್ಕದ ಮನೆಯವರ ಕಬ್ಬನ್ನು ಲಾರಿಗೆ ತುಂಬಲು ನಾನು ಹೋಗಿದ್ದೆ. ಈಗ ಅವರು ನಮಗೆ ತೀರಿಸಬೇಕಾದದ್ದು ಗಂಡಾಳೋ ಹೆಣ್ಣಾಳೋ ಎಂಬುದು ಪ್ರಶ್ನೆ. ಹಲಗೆ ಹತ್ತಿ ಹೊರೆ ಹಾಕಿದ್ದಾಳೆ, ಗಂಡಾಳೇ ಬರಬೇಕು ಎಂದು ಅತ್ತೆ. "ಮೇಷ್ಟ್ರಮ್ಮನ ಬದಲಿಗೆ ನನ್ನ ಹೆಂಡತಿಯನ್ನು ಕಳಿಸುತ್ತೇನೆ ಬಿಡಿ" ಎಂದು ಪಕ್ಕದ ಮನೆಯವರು. ಅವರ ಹೆಂಡತಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದವರು ತಲೆ ಎತ್ತದೆ ಹೇಳಿದರು, "ನಾನು ಬಂದರೆ ಹೊರೆಯನ್ನೂ ಹೊರುತ್ತೇನೆ, ನಾಟಿಯನ್ನೂ ಹಾಕುತ್ತೇನೆ. ಆಗ ಅವರೇ ನಮಗೆ ಇನ್ನೊಂದು ಆಳು ಕೊಡಬೇಕಾಗುತ್ತದೆ, ಯೋಚನೆ ಮಾಡಿ."